‘ಯಾರಿಗೆ ಹೇಳಿದ್ರಿ?’: ಕೊಡಗಿನಲ್ಲಿ ಅಟ್ಯಾಚ್‌ಮೆಂಟ್ ಸಂದರ್ಶನ ಮಾಡುವ ಬಗೆ

ಕೊಡಗಿನಲ್ಲಿ ಯಾರನ್ನಾದರೂ ‘ಕಷ್ಟಕ್ಕೆ ನಿಮಗೆ ಜನ ಇದ್ದಾರಾ?’ ಅಂತ ಕೇಳಿ ನೋಡಿ. ಇದ್ದಾರೆ ಅಂತಲೇ ಉತ್ತರ ಬರುತ್ತದೆ. ಒಕ್ಕದವರು (ಕೊಡವ ಮನೆತನದವರು), ಊರಿನವರು, ಸ್ವಸಹಾಯ ಸಂಘದವರು, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಅಕ್ಕಪಕ್ಕದವರು. ಸಾವಾದರೆ ಊರೇ ಬಂದು ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಗುರುತು ಪರಿಚಯ ಇಲ್ಲದವರೂ ಅಕ್ಕಿ, ಕಂಬಳಿ ತಂದು ಕೊಟ್ಟರು. ಆದರೆ ಅದೇ ಮನುಷ್ಯರನ್ನು ‘ಹೋದ ವಾರ ಚಿಂತೆಯಿಂದ ನಿದ್ದೆ ಬರಲಿಲ್ಲ ಅಂದ್ರಲ್ಲ, ಅದನ್ನ ಯಾರಿಗೆ ಹೇಳಿದ್ರಿ?’ ಅಂತ ಕೇಳಿ. ಮಾತು ಅಲ್ಲಿಗೇ ನಿಲ್ಲಬಹುದು.

ಕೆಲಸಕ್ಕೆ ಆಗುವವರು ಬೇರೆ, ಮಾತಿಗೆ ಆಗುವವರು ಬೇರೆ. ಕೆಲವರಿಗೆ ಎರಡೂ ಒಬ್ಬರಲ್ಲೇ ಸಿಗುತ್ತದೆ. ಹಲವರಿಗೆ ಸಿಗುವುದಿಲ್ಲ. ಅಟ್ಯಾಚ್‌ಮೆಂಟ್, ಅಂದರೆ ಹತ್ತಿರದವರ ಜೊತೆಗಿನ ಮನಸ್ಸಿನ ನಂಟು, ಅದರ ಬಗ್ಗೆ ಸಂದರ್ಶನ ಮಾಡುವವರು ಇದನ್ನು ಬಿಡಿಸಿ ನೋಡಬೇಕು. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳು, ಕೌನ್ಸೆಲರ್‌ಗಳು, ದತ್ತು ಕೊಡುವ ಮುಂಚೆ ಮನೆ ನೋಡಿ ವರದಿ ಬರೆಯುವ ಸಮಾಜ ಕಾರ್ಯಕರ್ತರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉತ್ತರಗಳನ್ನು ಅಳೆದು ಪೂರ್ತಿ ಅಂಕ ಹಾಕಲು ತರಬೇತಿ ಬೇಕೇ ಬೇಕು. ಅದಕ್ಕೆ ಅಡ್ಡದಾರಿ ಇಲ್ಲ. ಕೇಳುವ ಬಗೆಯನ್ನು ಮಾತ್ರ ಇವತ್ತಿನಿಂದಲೇ ರೂಢಿ ಮಾಡಿಕೊಳ್ಳಬಹುದು.

ಯಾವ ಸಂದರ್ಶನ ಅಂತ ಮೊದಲು ಗೊತ್ತಿರಲಿ

ಅಟ್ಯಾಚ್‌ಮೆಂಟ್ ಅಂದ ತಕ್ಷಣ ಆ ಸಿದ್ಧಾಂತ ಕಟ್ಟಿದ ಜಾನ್ ಬೌಲ್ಬಿ, ಮೇರಿ ಏನ್ಸ್‌ವರ್ತ್ ಹೆಸರು ಬರುತ್ತದೆ. ಏನ್ಸ್‌ವರ್ತ್ ಮೊದಲು ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಗುವನ್ನು ಗಮನಿಸಿದವರು. ದೊಡ್ಡವರ ವಿಷಯಕ್ಕೆ ಬಂದರೆ ಎರಡು ಸಂದರ್ಶನಗಳು ಮುಖ್ಯ. ಇವೆರಡನ್ನು ಕಲಸಿಬಿಡಬೇಡಿ.

ಮೊದಲನೆಯದು ಮೇರಿ ಮೇನ್ ಮತ್ತು ಅವರ ಜೊತೆಯವರು 1980ರ ದಶಕದಲ್ಲಿ ರೂಪಿಸಿದ ಅಡಲ್ಟ್ ಅಟ್ಯಾಚ್‌ಮೆಂಟ್ ಇಂಟರ್‌ವ್ಯೂ. ಇದು ಬಾಲ್ಯವನ್ನು ಕೇಳುತ್ತದೆ. ಅಮ್ಮನ ಜೊತೆಗಿನ ಸಂಬಂಧಕ್ಕೆ ಐದು ಪದ ಹೇಳಿ, ಒಂದೊಂದಕ್ಕೂ ನೆನಪಿನಿಂದ ಒಂದು ಉದಾಹರಣೆ ಕೊಡಿ ಅನ್ನುತ್ತದೆ. ಬಾಲ್ಯ ಚೆನ್ನಾಗಿತ್ತಾ, ಕೆಟ್ಟದಾಗಿತ್ತಾ ಅನ್ನುವುದಕ್ಕೆ ಇಲ್ಲಿ ಅಂಕ ಇಲ್ಲ. ಹೇಳಿದ ಕತೆಗೆ ತಾಳಮೇಳ ಇದೆಯಾ ಅಂತ ನೋಡುತ್ತಾರೆ. ‘ಅಮ್ಮ ದೇವರಂಥವಳು’ ಅಂದವರಿಗೆ ಒಂದೇ ಒಂದು ಘಟನೆಯೂ ನೆನಪಾಗದಿದ್ದರೆ, ಆ ಅಂತರವನ್ನೇ ಗುರುತು ಹಾಕಿಕೊಳ್ಳುತ್ತಾರೆ.

ಎರಡನೆಯದು ಆಂಟೋನಿಯಾ ಬಿಫುಲ್ಕೊ ಮತ್ತು ಸಂಗಡಿಗರು ಲಂಡನ್‌ನಲ್ಲಿ ರೂಪಿಸಿದ ಅಟ್ಯಾಚ್‌ಮೆಂಟ್ ಸ್ಟೈಲ್ ಇಂಟರ್‌ವ್ಯೂ. ಇದು ಈಗಿನ ಬದುಕನ್ನು ಕೇಳುತ್ತದೆ. ಈಗ ನಿಮ್ಮ ಜೊತೆ ಯಾರಿದ್ದಾರೆ, ಅವರಿಗೆ ಏನು ಹೇಳುತ್ತೀರಿ, ಅವರು ಏನು ಮಾಡುತ್ತಾರೆ. ಇದರ ಬೇರು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಮಾಡಿದ ಕೆಲಸದಲ್ಲಿದೆ. 1978ರಲ್ಲಿ ಅವರು ಒಂದು ವಿಷಯ ತೋರಿಸಿಕೊಟ್ಟರು. ದೊಡ್ಡ ಕಷ್ಟ ಬಂದಾಗ, ಮನಸ್ಸು ಬಿಚ್ಚಿ ಮಾತಾಡುವಂಥ ಸಂಬಂಧ ಇಲ್ಲದ ಹೆಂಗಸರು ಖಿನ್ನತೆಗೆ ಬೀಳುವುದು ಜಾಸ್ತಿ. ಬಿಫುಲ್ಕೊ ತಂಡ ಅದಕ್ಕೆ ಅಟ್ಯಾಚ್‌ಮೆಂಟ್ ಶೈಲಿಯನ್ನು, ಅಂದರೆ ಒಬ್ಬರು ಬೇರೆಯವರಿಗೆ ಹತ್ತಿರವಾಗುವ ಅಥವಾ ದೂರ ನಿಲ್ಲುವ ಬಗೆಯನ್ನು, ಜೋಡಿಸಿತು. ಬ್ರಿಟನ್ನಿನಲ್ಲಿ ದತ್ತು ಪಡೆಯುವವರನ್ನು, ಮಕ್ಕಳನ್ನು ಸಾಕಲು ಮುಂದೆ ಬರುವವರನ್ನು ಅಳೆಯಲು ಇದನ್ನು ಬಳಸುತ್ತಾರೆ.

ಬೆಂಬಲವನ್ನೂ ಶೈಲಿಯನ್ನೂ ಒಟ್ಟಿಗೆ ನೋಡಬೇಕಾದರೆ ಈ ಎರಡನೆಯ ದಾರಿಯೇ ಸರಿ. ಮುಂದಿನದೆಲ್ಲ ಅದರ ಬಗ್ಗೆಯೇ.

ಪ್ರಶ್ನಾವಳಿ ಕೊಟ್ಟು ಟಿಕ್ ಹಾಕಿಸಿದರೆ ಆಗಲ್ವಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಆಗುತ್ತದೆ. 12 ವಾಕ್ಯಗಳ ಸಾಮಾಜಿಕ ಬೆಂಬಲದ ಮಾಪನ 1988ರಿಂದಲೇ ಬಳಕೆಯಲ್ಲಿದೆ, ಬೇಗ ಮುಗಿಯುತ್ತದೆ ಕೂಡ. ಆದರೆ ನಮ್ಮಲ್ಲಿ ‘ನನ್ನ ಕುಟುಂಬ ನನಗೆ ನೆರವಾಗುತ್ತದೆ’ ಅನ್ನುವ ವಾಕ್ಯಕ್ಕೆ ಇಲ್ಲ ಅಂತ ಟಿಕ್ ಹಾಕುವವರು ಎಷ್ಟು ಜನ? ಮನೆಯ ಮರ್ಯಾದೆ ಅಂತ ಒಂದಿದೆಯಲ್ಲ. ಸಂದರ್ಶನದಲ್ಲಿ ಆ ಮರ್ಯಾದೆಗೆ ಧಕ್ಕೆ ಬಾರದ ಹಾಗೆ ನಿಜ ಹೇಳಲು ಜಾಗ ಸಿಗುತ್ತದೆ.

ಜಾಗ, ಹೊತ್ತು, ಭಾಷೆ

ಒಂದು ಸಂದರ್ಶನಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಕೊಡಗಿನಲ್ಲಿ ಆ ಒಂದೂವರೆ ಗಂಟೆ ಹುಡುಕುವುದೇ ಅರ್ಧ ಕೆಲಸ. ಕಾಫಿ ಕುಯ್ಯುವ ತಿಂಗಳುಗಳಲ್ಲಿ ಹಗಲು ಯಾರೂ ಸಿಗುವುದಿಲ್ಲ. ಸಂಜೆ ಸಿಕ್ಕರೂ ಸುಸ್ತಾಗಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಜನ ಮನೆಯಲ್ಲಿ ಸಿಗುತ್ತಾರೆ. ಆದರೆ ಶೀಟಿನ ಮಾಡಿನ ಮೇಲೆ ಮಳೆ ಹೊಯ್ದರೆ ರೆಕಾರ್ಡರ್‌ನಲ್ಲಿ ಮಳೆ ಬಿಟ್ಟು ಇನ್ನೇನೂ ಇರುವುದಿಲ್ಲ. ಮೊಬೈಲನ್ನು ಮೇಜಿನ ಮೇಲಿಡದೆ ಮಾತಾಡುವವರ ಮಗ್ಗುಲಲ್ಲಿ, ದಿಂಬಿನ ಮೇಲಿಡಿ. ಸ್ವಲ್ಪ ವಾಸಿ. ಆನೆ ಓಡಾಡುವ ಕಡೆ ಬೆಳಕಿರುವಾಗಲೇ ಮುಗಿಸಿ ಹೊರಡಿ. ನಿಮ್ಮನ್ನು ದಾಟಿಸಿ ಬರಬೇಕಲ್ಲ ಅನ್ನುವ ಚಿಂತೆ ಮನೆಯವರಿಗೆ ಹತ್ತಿದರೆ ಮಾತು ಅರ್ಧಕ್ಕೇ ಮುರಿಯುತ್ತದೆ.

ಲೈನ್ ಮನೆಯಲ್ಲಿ ಗೋಡೆ ಒಂದೇ, ಕಿವಿ ಹತ್ತು. ಅಲ್ಲಿ ಕೂತು ಗಂಡನ ಬಗ್ಗೆ ಕೇಳಿದರೆ ಸಿಗುವುದು ಊರಿಗೆ ಹೇಳುವ ಉತ್ತರ. ಅಂಗನವಾಡಿ ಮುಗಿದ ಮೇಲೆ ಆ ಕೋಣೆ ಸಿಗುತ್ತದಾ, ಆರೋಗ್ಯ ಉಪಕೇಂದ್ರದಲ್ಲಿ ಒಂದು ಮೂಲೆ ಸಿಗುತ್ತದಾ ನೋಡಿ. ತೋಟದಲ್ಲಿ ಸಂದರ್ಶನವನ್ನು ರೈಟರ್ (ತೋಟದ ಲೆಕ್ಕ ನೋಡುವವರು) ಅಥವಾ ಮೇಸ್ತ್ರಿ ಮೂಲಕ ಗೊತ್ತುಮಾಡಬೇಡಿ. ‘ರೈಟ್ರು ಹೇಳಿದ್ರು’ ಅಂತ ಬಂದವರು ಕೆಲಸ ಉಳಿಸಿಕೊಳ್ಳುವ ಉತ್ತರ ಕೊಡುತ್ತಾರೆ. ಅವರ ತಪ್ಪೇನೂ ಇಲ್ಲ. ದೊಡ್ಡ ಮನೆಗಳಲ್ಲಿ ಬೇರೆ ತೊಂದರೆ. ಅತ್ತೆ ಕಾಫಿ ತಂದುಕೊಟ್ಟು ಅಲ್ಲೇ ಕೂರುತ್ತಾರೆ. ಎದ್ದು ಹೋಗಿ ಅನ್ನಲಾಗುವುದಿಲ್ಲ. ಮೊದಲೇ ಅವರ ಹತ್ತಿರ ಹತ್ತು ನಿಮಿಷ ಮಾತಾಡಿ, ‘ಅಮ್ಮ, ಇನ್ನು ಇವರ ಹತ್ರ ಒಬ್ಬರೇ ಮಾತಾಡಬೇಕು, ನಮ್ಮ ನಿಯಮ’ ಅಂತ ನಿಯಮದ ಮೇಲೆ ಹಾಕಿಬಿಡಿ. ಸಾಮಾನ್ಯವಾಗಿ ನಡೆಯುತ್ತದೆ.

ಭಾಷೆ ಇನ್ನೊಂದು. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತುಳು, ಇಷ್ಟೆಲ್ಲ ಒಂದೇ ಜಿಲ್ಲೆಯಲ್ಲಿದೆ. ಬಹಳಷ್ಟು ಜನರಿಗೆ ಕನ್ನಡ ಸಲೀಸು. ಆದರೆ ಅಳುವಾಗ, ಸಿಟ್ಟು ಬಂದಾಗ ಮನೆಮಾತು ಬರುತ್ತದೆ. ಬರಲಿ ಬಿಡಿ. ಅರ್ಥವಾಗದಿದ್ದರೆ ಆಮೇಲೆ ಕೇಳಿಕೊಳ್ಳಿ. ಭಾಷಾಂತರಕ್ಕೆ ಜನ ಬೇಕಾದರೆ ಅದೇ ಲೈನಿನವರು, ಅದೇ ಒಕ್ಕದವರು ಬೇಡ.

ಒಪ್ಪಿಗೆ ಪಡೆಯುವಾಗ ಮೂರು ವಿಷಯ ಬಾಯಲ್ಲಿ ಹೇಳಿ. ಯಾವ ಪ್ರಶ್ನೆಗೆ ಬೇಕಾದರೂ ಉತ್ತರ ಕೊಡದಿರಬಹುದು. ನಡುವೆ ಎದ್ದು ಹೋಗಬಹುದು. ಯಾರದಾದರೂ ಜೀವಕ್ಕೆ ಅಪಾಯ ಅಂತ ಗೊತ್ತಾದರೆ ಮಾತ್ರ ಗುಟ್ಟು ಇಟ್ಟುಕೊಳ್ಳಲು ಆಗುವುದಿಲ್ಲ. ಫಾರಂಗೆ ಸಹಿ ಆಮೇಲೆ.

ಜನರ ಪಟ್ಟಿ

ಶುರುವಿನಲ್ಲಿ ಸುಮ್ನೆ ಮನೆಯ ಬಗ್ಗೆ ಮಾತಾಡಿ. ಮನೆಯಲ್ಲಿ ಯಾರ್ಯಾರು, ಹೊರಗೆ ಯಾರು, ಬೆಂಗಳೂರಿನಲ್ಲೋ ಸೈನ್ಯದಲ್ಲೋ ಯಾರಿದ್ದಾರೆ. ಒಂದು ಹಾಳೆಯಲ್ಲಿ ಹೆಸರಿನ ಮೊದಲ ಅಕ್ಷರ ಮಾತ್ರ ಬರೆದುಕೊಳ್ಳಿ. ಪಕ್ಕದಲ್ಲಿ ಎಷ್ಟು ದಿನಕ್ಕೊಮ್ಮೆ ಭೇಟಿ, ಎಷ್ಟು ದಿನಕ್ಕೊಮ್ಮೆ ಫೋನ್ ಅಂತ ಹಾಕಿ. ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಸಿಗುವ ಐವತ್ತು ಜನ ಈ ಪಟ್ಟಿಗೆ ಬರಬಹುದು. ಮುಂದಿನ ಹಂತಕ್ಕೆ ಅವರಲ್ಲಿ ಯಾರೂ ಬರದೇ ಇರಬಹುದು.

ಆಮೇಲೆ ಪಟ್ಟಿಯಿಂದ ತೀರಾ ಹತ್ತಿರದವರನ್ನು ಆರಿಸಿ. ಗಂಡ ಅಥವಾ ಹೆಂಡತಿ, ಅವರ ಜೊತೆಗೆ ಇನ್ನಿಬ್ಬರು. ‘ನಿಮಗೆ ತುಂಬಾ ಹತ್ತಿರದವರು ಯಾರು?’ ಅಂತ ಕೇಳಿದರೆ ‘ಎಲ್ಲರೂ ಹತ್ತಿರದವರೇ’ ಅಂತ ಬರುತ್ತದೆ. ‘ಮನೆಯೊಳಗಿನ ವಿಷಯ, ಹೊರಗೆ ಹೇಳಬಾರದ್ದು, ಅಂಥದ್ದನ್ನ ಯಾರ ಹತ್ರ ಹೇಳ್ತೀರಿ?’ ಅಂತ ಕೇಳಿ. ಆಗ ಒಂದೆರಡು ಹೆಸರು ಬರುತ್ತದೆ. ಹೆಸರೇ ಬರದಿದ್ದರೆ ಒತ್ತಾಯಿಸಿ ಬರಿಸಬೇಡಿ. ಯಾರೂ ಇಲ್ಲ ಅನ್ನುವುದೂ ಒಂದು ಉತ್ತರ.

ಒಬ್ಬೊಬ್ಬರ ಬಗ್ಗೆ: ನಡೆದದ್ದನ್ನೇ ಕೇಳಿ

ಸಂದರ್ಶನದ ಜೀವ ಇರುವುದು ಇಲ್ಲಿ. ಆರಿಸಿದ ಒಬ್ಬೊಬ್ಬರ ಬಗ್ಗೆಯೂ ನಾಲ್ಕು ವಿಷಯ ಬೇಕು. ಅವರಿಗೆ ಮನಸ್ಸು ಬಿಚ್ಚಿ ಹೇಳುತ್ತಾರಾ. ಹೇಳಿದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ. ಒಟ್ಟಿಗಿರುವಾಗ ಖುಷಿ ಎಷ್ಟು, ಜಗಳ ಎಷ್ಟು. ಅವರು ಇಲ್ಲದಿದ್ದರೆ ಏನನ್ನಿಸುತ್ತದೆ.

ನೇರವಾಗಿ ‘ಅವರು ನಿಮಗೆ ಬೆಂಬಲ ಕೊಡ್ತಾರಾ?’ ಅಂತ ಕೇಳಬೇಡಿ. ಇತ್ತೀಚಿನ ಒಂದು ಕಷ್ಟ ಹಿಡಿದು ಅದರ ಹಿಂದೆ ಹೋಗಿ. ಕಲಿಸಲು ಕಟ್ಟಿದ ಒಂದು ಮಾತುಕತೆ ನೋಡಿ. ಗುಡ್ಡ ಜಾರಿ ಮನೆ ಹೋದ ಮೇಲೆ ಪುನರ್ವಸತಿ ಬಡಾವಣೆಗೆ ಬಂದ, ನಲವತ್ತು ದಾಟಿದ ಹೆಂಗಸು ಅಂದುಕೊಳ್ಳಿ.

‘ಹೋದ ತಿಂಗಳು ಮನಸ್ಸಿಗೆ ಬೇಜಾರು ಆಗಿದ್ದು ಏನಾದ್ರೂ ಇತ್ತಾ ಅಕ್ಕ?’

‘ಮಗನ ಫೀಸ್ ಕಟ್ಟಕ್ಕೆ ಆಗಿರಲಿಲ್ಲ ಮೇಡಂ.’

‘ಅದನ್ನ ಯಾರಿಗೆ ಹೇಳಿದ್ರಿ?’

‘ನಾದಿನಿಗೆ.’

‘ಹೇಳಿದಾಗ ಅವರು ಏನಂದ್ರು?’

‘ನಿಂದು ಯಾವಾಗ್ಲೂ ಇದೇ ಆಯ್ತು ಅಂದ್ಲು. ಆಮೇಲೆ ಎರಡು ಸಾವಿರ ಕೊಟ್ಲು.’

‘ಹಾಗಂದಾಗ ನಿಮಗೆ ಏನನ್ನಿಸ್ತು?’

‘ದುಡ್ಡು ಬೇಕಿತ್ತಲ್ಲ, ತಗೊಂಡೆ. ಇನ್ನು ಇವಳಿಗೆ ಏನೂ ಹೇಳಬಾರದು ಅನ್ನಿಸ್ತು.’

‘ಅದಾದ ಮೇಲೆ ಬೇರೆ ಏನಾದ್ರೂ ಹೇಳಿದ್ದೀರಾ ಅವರಿಗೆ?’

‘ಇಲ್ಲ. ಕೇಳಿದ್ರೆ ಚೆನ್ನಾಗಿದೀವಿ ಅಂತೀನಿ.’

ಇಲ್ಲಿ ನಾದಿನಿ ನೆರವಾದಳಾ? ದುಡ್ಡಿನ ಲೆಕ್ಕದಲ್ಲಿ ಹೌದು. ಪ್ರಶ್ನಾವಳಿಯಲ್ಲಾದರೆ ‘ನೆರವು ಸಿಗುತ್ತದೆ’ ಅನ್ನುವುದಕ್ಕೆ ಟಿಕ್ ಬೀಳುತ್ತಿತ್ತು. ಆದರೆ ಮಾತಿನ ಬೆಂಬಲದ ಅಂಕ ಕಡಿಮೆ. ಇದಕ್ಕಿಂತ ದೊಡ್ಡ ಮಾಹಿತಿ ಕೊನೆಯ ಎರಡು ಉತ್ತರಗಳಲ್ಲಿದೆ. ಆಕೆ ಬಾಗಿಲು ಹಾಕಿಕೊಂಡಿದ್ದಾಳೆ. ಇದು ಈ ಒಬ್ಬಳ ಜೊತೆ ಮಾತ್ರವಾ, ಎಲ್ಲರ ಜೊತೆಯೂ ಹೀಗೇನಾ ಅನ್ನುವುದನ್ನು ಇನ್ನಿಬ್ಬರ ಬಗ್ಗೆ ಕೇಳಿದಾಗ ತಿಳಿಯುತ್ತದೆ. ನಾದಿನಿಗೆ ಹೇಳದಿದ್ದರೂ ಮಡಿಕೇರಿಯ ಅಕ್ಕನಿಗೆ ದಿನಾ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿಕೊಳ್ಳುತ್ತಿದ್ದರೆ ಚಿತ್ರವೇ ಬೇರೆ.

ಗಮನಿಸಿದ್ದೀರಾ, ಸಂದರ್ಶಕಿ ಎಲ್ಲಿಯೂ ‘ಅಯ್ಯೋ ಪಾಪ’ ಅನ್ನಲಿಲ್ಲ, ‘ನಾದಿನಿ ಹಾಗನ್ನಬಾರದಿತ್ತು’ ಅನ್ನಲೂ ಇಲ್ಲ. ಒಂದು ಸಲ ಪಕ್ಷ ವಹಿಸಿದರೆ ಆಮೇಲೆ ನಿಮ್ಮ ಪಕ್ಷಕ್ಕೆ ಹೊಂದುವ ಕತೆಯೇ ಬರುತ್ತದೆ. ತಲೆಯಾಡಿಸಿ, ಹೂಂ ಅನ್ನಿ, ಸುಮ್ಮನಿರಿ. ಸುಮ್ಮನಿರುವುದು ಹೊಸಬರಿಗೆ ಬಲು ಕಷ್ಟ.

ಏಳು ಧೋರಣೆಗಳು

ಜನರ ಬಗ್ಗೆ ಕೇಳಿ ಮುಗಿದ ಮೇಲೆ ಆ ವ್ಯಕ್ತಿ ಒಟ್ಟಾರೆ ಸಂಬಂಧಗಳನ್ನು ಹೇಗೆ ನೋಡುತ್ತಾರೆ ಅನ್ನುವುದಕ್ಕೆ ಬನ್ನಿ. ಇಲ್ಲಿ ಏಳು ವಿಷಯ ಇವೆ: ಅಪನಂಬಿಕೆ, ಹತ್ತಿರವಾಗಲು ಹಿಂಜರಿಕೆ, ತಿರಸ್ಕಾರದ ಭಯ, ‘ನನ್ನದು ನಾನೇ ನೋಡ್ಕೋತೀನಿ’ ಅನ್ನುವ ಸ್ವಾವಲಂಬನೆ, ಜೊತೆಗೆ ಜನ ಬೇಕೆನ್ನುವ ಆಸೆ, ದೂರವಾಗುವ ಭಯ, ಸಿಟ್ಟು. ಒಂದೊಂದನ್ನೂ ನಾಲ್ಕು ಮಟ್ಟದಲ್ಲಿ ಅಳೆಯುತ್ತಾರೆ: ತುಂಬಾ, ಮಧ್ಯಮ, ಸ್ವಲ್ಪ, ಇಲ್ಲವೇ ಇಲ್ಲ ಅನ್ನುವಷ್ಟು.

ಪ್ರಶ್ನೆಗಳು ಆಡುಮಾತಿನಲ್ಲೇ ಇರಲಿ. ‘ಜನ ಏನಾದ್ರೂ ಒಳ್ಳೇದು ಮಾಡಿದ್ರೆ, ಇದರ ಹಿಂದೆ ಏನೋ ಇದೆ ಅನ್ನಿಸುತ್ತಾ?’ ‘ಸಹಾಯ ಕೇಳೋದು ನಿಮಗೆ ಸುಲಭನಾ? ಕೊನೇ ಸಲ ಕೇಳಿದ್ದು ಯಾವಾಗ?’ ‘ಒಬ್ಬರೇ ಒಂದು ದಿನ ಇರಬೇಕಾಗಿ ಬಂದ್ರೆ ಹೇಗಿರುತ್ತೆ?’ ‘ಹಳೇ ವಿಷಯಕ್ಕೆ ಯಾರ ಮೇಲಾದ್ರೂ ಈಗಲೂ ಸಿಟ್ಟಿದೆಯಾ?’ ಹೌದು, ಇಲ್ಲ ಅನ್ನುವ ಉತ್ತರಕ್ಕೆ ನಿಲ್ಲಬೇಡಿ. ಪ್ರತಿ ಸಲ ಒಂದು ಘಟನೆ ಕೇಳಿ.

ಕೊಡಗಿನಲ್ಲಿ ಅಂಕ ಹಾಕುವಾಗ ಎಡವುವ ಜಾಗಗಳಿವೆ. ಗಂಡ ಬೆಳಿಗ್ಗೆ ಆರಕ್ಕೆ ತೋಟಕ್ಕೆ ಹೊರಟರೆ ವಾಪಸ್ ಬರುವವರೆಗೆ ಹೆಂಡತಿಗೆ ಜೀವ ಕೈಯಲ್ಲಿ ಇರುತ್ತದೆ ಅನ್ನಿ. ದೂರವಾಗುವ ಭಯ ‘ತುಂಬಾ’ ಅಂತ ಬರೆದುಬಿಡಬೇಕಾ? ಆ ದಾರಿಯಲ್ಲಿ ಹೋದ ವಾರ ಆನೆ ಬಂದಿತ್ತಾ ಅಂತ ಮೊದಲು ಕೇಳಿ. ಗಡಿಯಲ್ಲಿರುವ ಸೈನಿಕನ ಫೋನ್ ಎರಡು ದಿನ ಬರದಿದ್ದರೆ ಮನೆಯವರು ಗಾಬರಿಯಾಗುವುದು ಸಹಜ. ಜೋರು ಮಳೆಗೆ ರಾತ್ರಿ ಎದ್ದು ಕೂರುವವರು 2018 ನೋಡಿದವರು. ಅದನ್ನು ಅಟ್ಯಾಚ್‌ಮೆಂಟ್ ಖಾತೆಗೆ ಹಾಕಬೇಡಿ. ಕಾರಣಕ್ಕಿಂತ ಭಯ ಬಹಳ ದೊಡ್ಡದಾಗಿದ್ದರೆ, ಅಪಾಯ ಏನೂ ಇಲ್ಲದ ಕಡೆಯೂ ಅದೇ ಭಯ ಇದ್ದರೆ ಆಗ ಅಂಕ ಏರಿಸಿ.

ಸ್ವಾವಲಂಬನೆಯೂ ಹಾಗೆಯೇ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ತೋಟ ನೋಡಿಕೊಳ್ಳುವ ಹೆಂಗಸು ಎಲ್ಲ ತೀರ್ಮಾನ ತಾನೇ ಮಾಡುತ್ತಾಳೆ. ಬೇರೆ ದಾರಿ ಇಲ್ಲ. ಇನ್ನೊಬ್ಬರ ಸಲಹೆ ಸಿಗುವಾಗಲೂ ಆಕೆ ಬೇಡ ಅನ್ನುತ್ತಾಳಾ? ಇದನ್ನು ಕೇಳದೆ ಅಂಕ ಹಾಕಿದರೆ ಆಕೆಯ ಪರಿಸ್ಥಿತಿಗೆ ಅಂಕ ಹಾಕಿದ ಹಾಗಾಯಿತು. ಇನ್ನು ಬಡಾವಣೆಗೆ ಬಂದವರು ಮೊದಲಿನ ನೆರೆಹೊರೆ ಕಳೆದುಕೊಂಡಿರುತ್ತಾರೆ. ಜಂಬೂರಿಗೋ ಕರ್ಣಂಗೇರಿಗೋ ಬಂದ ಮೇಲೆ ಹೊಸ ಸ್ನೇಹ ಆಗಿದೆಯಾ, ಹಳಬರ ಜೊತೆ ಸಂಪರ್ಕ ಉಳಿಸಿಕೊಂಡಿದ್ದಾರಾ ಅಂತ ಬಿಡಿಸಿ ಕೇಳಿ. ಜನ ಇಲ್ಲದಿರುವುದು ಬೇರೆ, ಜನ ಬೇಡ ಅನ್ನಿಸುವುದು ಬೇರೆ.

ಶೈಲಿ ತೀರ್ಮಾನ ಮಾಡುವುದು

ಮೊದಲ ಪ್ರಶ್ನೆ: ಸಂಬಂಧ ಮಾಡಿಕೊಂಡು ಉಳಿಸಿಕೊಳ್ಳುವ ಸಾಮರ್ಥ್ಯ ಹೇಗಿದೆ? ಸಂಗಾತಿ ಸೇರಿ ಕನಿಷ್ಠ ಇಬ್ಬರ ಜೊತೆ ಮನಸ್ಸು ಬಿಚ್ಚುವ, ಒಳ್ಳೆಯ ಪ್ರತಿಕ್ರಿಯೆ ಸಿಗುವ ಸಂಬಂಧ ಇದ್ದರೆ ಚೆನ್ನಾಗಿದೆ ಅಂತ. ಒಬ್ಬರೂ ಇಲ್ಲದಿದ್ದರೆ ತೊಂದರೆ ಇದೆ. ಎಷ್ಟು ಅಸುರಕ್ಷಿತ ಅನ್ನುವುದನ್ನು ಈ ಸಾಮರ್ಥ್ಯ ಹೇಳುತ್ತದೆ. ಯಾವ ಬಗೆಯ ಅಸುರಕ್ಷತೆ ಅನ್ನುವುದನ್ನು ಆ ಏಳು ಧೋರಣೆಗಳು ಹೇಳುತ್ತವೆ.

ಜನ ಸದಾ ಬೇಕು, ಒಬ್ಬರೇ ಏನೂ ಮಾಡಲಾಗದು, ದೂರವಾಗುವ ಭಯ ಜಾಸ್ತಿ: ಇದು ಅಂಟಿಕೊಳ್ಳುವ ಶೈಲಿ. ಹತ್ತಿರವಾಗಬೇಕು ಅನ್ನಿಸಿದರೂ ತಿರಸ್ಕಾರಕ್ಕೆ ಹೆದರಿ ದೂರ ನಿಲ್ಲುವವರದು ಭಯದ ಶೈಲಿ. ಅಪನಂಬಿಕೆ, ಸಿಟ್ಟು, ಯಾರ ಹಂಗೂ ಬೇಡ ಅನ್ನುವ ಬಿಗಿ ಮೂರೂ ಸೇರಿದರೆ ಸಿಟ್ಟಿನಿಂದ ತಳ್ಳಿಹಾಕುವ ಶೈಲಿ. ಸಿಟ್ಟೂ ಇಲ್ಲ, ಭಯವೂ ಇಲ್ಲ, ತನ್ನ ಪಾಡಿಗೆ ತಾನು, ಒಳಗಿನ ಮಾತು ಯಾರಿಗೂ ಇಲ್ಲ ಅನ್ನುವವರದು ಹಿಂದೆ ಸರಿಯುವ ಶೈಲಿ. ಇವು ಯಾವುದೂ ಎದ್ದು ಕಾಣದೆ, ಸಂಬಂಧಗಳೂ ಚೆನ್ನಾಗಿದ್ದರೆ ಸುರಕ್ಷಿತ. ಎರಡು ಶೈಲಿ ಬೆರೆತಿರುವುದೂ ಉಂಟು.

ಸ್ವಲ್ಪ ಅಸುರಕ್ಷತೆ ಅನ್ನುವುದು ಕಾಯಿಲೆ ಅಲ್ಲವೇ ಅಲ್ಲ. ಬಿಫುಲ್ಕೊ ತಂಡ 2002ರಲ್ಲಿ ಪ್ರಕಟಿಸಿದ ಕೆಲಸದಲ್ಲೂ ಖಿನ್ನತೆಯ ಜೊತೆ ನಂಟು ಕಂಡದ್ದು ಅಸುರಕ್ಷತೆ ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿ ಇದ್ದಾಗ. ಹಾಗಾಗಿ ವರದಿಯಲ್ಲಿ ಶೈಲಿಯ ಹೆಸರಿನ ಜೊತೆಗೆ ಮಟ್ಟವನ್ನು ಬರೆಯದಿದ್ದರೆ ಅರ್ಧ ಸುಳ್ಳು ಬರೆದಂತೆ. ಶೈಲಿಯ ಹೆಸರನ್ನು ಆ ವ್ಯಕ್ತಿಯ ಎದುರು ಹೇಳುವುದರಿಂದ ನನ್ನ ಮಟ್ಟಿಗೆ ಏನೂ ಪ್ರಯೋಜನ ಕಂಡಿಲ್ಲ. ‘ಸಹಾಯ ಕೇಳೋದು ನಿಮಗೆ ಸ್ವಲ್ಪ ಕಷ್ಟ ಅಲ್ವಾ’ ಅಂದರೆ ಸಾಕು, ಅವರೇ ಮುಂದುವರಿಸುತ್ತಾರೆ.

ಹತ್ತಿರದವರು ತೀರಿಕೊಂಡು ಕೆಲವೇ ವಾರ ಆಗಿದ್ದರೆ, ಅಥವಾ ಆ ವ್ಯಕ್ತಿ ಆಗಲೇ ಆಳವಾದ ಖಿನ್ನತೆಯಲ್ಲಿದ್ದರೆ, ತೀರ್ಮಾನ ತಡೆಹಿಡಿಯಿರಿ. ಆ ಹೊತ್ತಿನಲ್ಲಿ ‘ನನಗೆ ಯಾರೂ ಇಲ್ಲ’ ಅನ್ನುವುದನ್ನು ಖಿನ್ನತೆಯೇ ಹೇಳಿಸುತ್ತಿರಬಹುದು. ತಿಂಗಳುಗಳ ನಂತರ ಮತ್ತೆ ಕೂರಿ.

ಬರೆದಿಡುವುದು

ಅದೇ ದಿನ ಬರೆಯಿರಿ. ಪ್ರತಿ ಅಂಕದ ಪಕ್ಕ ಅವರು ಆಡಿದ ಮಾತನ್ನೇ ಇಡಿ. ‘ಅಪನಂಬಿಕೆ ಮಧ್ಯಮ’ ಅಂತಷ್ಟೇ ಬರೆದರೆ ಇನ್ನೊಬ್ಬರು ಪರೀಕ್ಷಿಸಲು ಆಗುವುದಿಲ್ಲ. ‘ಕೇಳಿದ್ರೆ ಚೆನ್ನಾಗಿದೀವಿ ಅಂತೀನಿ’ ಅನ್ನುವ ಸಾಲು ಪಕ್ಕದಲ್ಲಿದ್ದರೆ ಆಗುತ್ತದೆ. ನಿಮ್ಮ ಅಂಕ ನೋಡದೆ ಇನ್ನೊಬ್ಬರು ಅದೇ ರೆಕಾರ್ಡಿಂಗ್ ಕೇಳಿ ಅಂಕ ಹಾಕಲಿ. ಆಮೇಲೆ ಇಬ್ಬರೂ ಕೂತು ಹೊಂದಿಸಿ ನೋಡಿ. ವ್ಯತ್ಯಾಸ ಬಂದ ಕಡೆಯೇ ಕಲಿಯುವುದು ಜಾಸ್ತಿ.

ಚಿಕ್ಕ ಜಿಲ್ಲೆ ಇದು. ಹೆಸರು ತೆಗೆದರೂ ಮನೆತನದ ಹೆಸರು, ಊರು, ಗಂಡನ ಕೆಲಸ ಮೂರು ಸೇರಿದರೆ ಯಾರು ಅಂತ ಪೊನ್ನಂಪೇಟೆಯಿಂದ ಸೋಮವಾರಪೇಟೆವರೆಗೆ ಗೊತ್ತಾಗುತ್ತದೆ. ವರದಿಯಲ್ಲಿ ಊರಿನ ಬದಲು ತಾಲೂಕು ಹಾಕಿ. ಮನೆತನದ ಹೆಸರಂತೂ ಎಲ್ಲಿಯೂ ಬೇಡ. ರೆಕಾರ್ಡಿಂಗನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಗೈಡ್ ಕೇಳಿದರೂ ಕೂಡ.

ಅತ್ತರೆ, ಅಪಾಯ ಕಂಡರೆ

ಅಳು ಬಂದರೆ ರೆಕಾರ್ಡರ್ ನಿಲ್ಲಿಸಿ, ನೀರು ಕೊಡಿ. ಮುಂದುವರಿಸೋಣವಾ ಅಂತ ಕೇಳಿ. ಕೊನೆಯ ಹತ್ತು ನಿಮಿಷ ಹಗುರ ವಿಷಯಕ್ಕೆ ಇಡಿ. ಈ ವರ್ಷ ಮೆಣಸು ಹೇಗಿದೆ, ಮಗಳು ಯಾವ ಕ್ಲಾಸು. ತೆರೆದ ಗಾಯದ ಮೇಲೆ ಯಾರನ್ನೂ ಮನೆಗೆ ಕಳಿಸಬಾರದು.

ಸಾಯುವ ಮಾತು ಬಂದರೆ ಸಂದರ್ಶನ ಅಲ್ಲಿಗೆ ಮುಗಿಯಿತು. ಯೋಚನೆ ಮಾತ್ರವಾ, ಹೇಗೆ ಅಂತಲೂ ಯೋಚಿಸಿದ್ದಾರಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತದೆ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಹೊಡೆತ ಬಡಿತದ ವಿಷಯ ಬಂದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆದರೆ ಆಕೆಯನ್ನು ಕೇಳದೆ ಗಂಡನ ಹತ್ತಿರ ಮಾತಾಡಲು ಹೋಗಬೇಡಿ. ನೀವು ಸಂಜೆ ಬಸ್ ಹತ್ತುತ್ತೀರಿ, ಆಕೆ ಅಲ್ಲೇ ಇರಬೇಕು. ಈ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಕೊಡುವಾಗಲೂ, ಆ ಚೀಟಿ ಯಾರ ಕೈಗೆ ಸಿಗಬಹುದು ಅಂತ ಆಕೆಯನ್ನೇ ಕೇಳಿ. ತೊಂದರೆ ಇದೆ ಅಂದರೆ ಫೋನಿನಲ್ಲಿ ಬೇರೆ ಹೆಸರಲ್ಲಿ ಸೇವ್ ಮಾಡಿಕೊಡಿ. ಲೈನಿನಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತಲೂ ಹೊರಡುವ ಮೊದಲು ನೋಡಿಕೊಳ್ಳಿ.